ಇಂಡಿಗನತ್ತ ದಾಟಿ ನಾಗಮಲೆಗೆ

ಬೆಂಗಳೂರಿನಿಂದ ಮಾದಪ್ಪನ ಬೆಟ್ಟಕ್ಕೆ, ಅಂದರೆ ಮಲೆ ಮಹದೇಶ್ವರ ಬೆಟ್ಟಕ್ಕೆ, ನಡೆದೇ ಹೋಗುವವರಿಗೆ ಯಾರೂ ದಾರಿ ತೋರಿಸಬೇಕಿಲ್ಲ. ಶಿವರಾತ್ರಿ ಹತ್ತಿರವಾದರೆ ಸಾವಿರಾರು ಜನ ಕನಕಪುರದ ಮೇಲೆ ಹಾದು, ಸಂಗಮದ ಬಳಿ ಕಾವೇರಿಗಿಳಿದು, ಶಾಗ್ಯ, ಕೌದಳ್ಳಿ, ತಾಳಬೆಟ್ಟ ದಾಟಿ ಬೆಟ್ಟ ಸೇರುತ್ತಾರೆ. ಬಳೇಪೇಟೆಯ ನಮ್ಮ ಓಣಿಯಲ್ಲಿ ಸೀರೆ ಮೂಟೆ ಹೊರುವವರಲ್ಲೂ ಹಾಗೆ ಹೋಗಿಬರುವವರಿದ್ದಾರೆ. ಗುಡಿಯಿಂದಾಚೆಗೆ, ಎಪ್ಪತ್ತೇಳು ಮಲೆ ಎಂದು ಜನ ಹಾಡುವ ಆ ಗುಡ್ಡಗಳ ಒಳಕ್ಕೆ ಹೋಗುವುದು ಮಾತ್ರ ಬೇರೆಯದೇ ಲೆಕ್ಕ. ಅಲ್ಲಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು, ಮುಂದೆ ನಡೆಯಲು ಊರಿನವನೊಬ್ಬ ಬೇಕು.

ಗುಡಿಯಿಂದ ಆ ಮಲೆಗಳಲ್ಲೊಂದಾದ ನಾಗಮಲೆಗೆ ಸುಮಾರು 14 ಕಿಲೋಮೀಟರ್. ನಡುದಾರಿಯಲ್ಲಿ ಇಂಡಿಗನತ್ತ ಎಂಬ ಹಳ್ಳಿ. ಅಲ್ಲಿಯ ತನಕ ಜೀಪು ಏದುಸಿರು ಬಿಡುತ್ತಾ ಹೋಗುತ್ತದೆ, ಆಮೇಲೆ ಕಾಲೇ ಗತಿ. ನಾವು ಗುಡಿಯಿಂದಲೇ ನಡೆದೆವು, ಬರುವಾಗ ಇಂಡಿಗನತ್ತದಿಂದ ಜೀಪು ಹತ್ತಿದೆವು. ಒಂದು ದಿನಕ್ಕೆ ಅದೇ ಸರಿ.

ನಮ್ಮ ಮಾರ್ಗದರ್ಶಿ ಬೇಡಗಂಪಣರವನು. ಮಾದಪ್ಪನ ಪೂಜೆ ಆ ಸಮುದಾಯದ ಹಕ್ಕು. ದೀಪಾವಳಿಯಲ್ಲಿ ಹಾಲಹಳ್ಳದಿಂದ ನೀರು ಹೊತ್ತು ಬರಿಗಾಲಲ್ಲಿ ಕಾಡುದಾರಿ ನಡೆದು ಗುಡಿಗೆ ಬರುವ 101 ಹೆಣ್ಣುಮಕ್ಕಳೂ ಅದೇ ಸಮುದಾಯದವರು. ಹಾಲರವಿ ಎನ್ನುತ್ತಾರೆ ಅದಕ್ಕೆ. ಇವನ ಮಗಳೂ ಒಂದು ವರ್ಷ ಹೊತ್ತಿದ್ದಳಂತೆ. ನಾವು ದಪ್ಪ ಅಟ್ಟೆಯ ಶೂಗಳಲ್ಲಿ ಕಲ್ಲು ನೋಡಿ ನೋಡಿ ಹೆಜ್ಜೆಯಿಡುತ್ತಿದ್ದಾಗಲೇ ಆ ಮಾತು ಬಂದದ್ದು.

ಅವನು ನಿಂತಾಗ ನಿಲ್ಲುವುದು, ಇಡೀ ದಿನಕ್ಕೆ ನಾವು ಪಾಲಿಸಿದ್ದು ಇದೊಂದೇ ನಿಯಮ. ಆನೆ ಲದ್ದಿಯ ಮೇಲೆ ಅಂಗೈ ಹಿಡಿದು ಬಿಸಿ ಇದೆಯೇ ನೋಡುತ್ತಾನೆ. ಮುರಿದ ಬಿದಿರಿನ ತುದಿ ಇನ್ನೂ ಹಸಿಯೇ ಎಂದು ಚಿವುಟುತ್ತಾನೆ. ಆಗ ನಮ್ಮಲ್ಲೊಬ್ಬರು ಇನ್ನೆಷ್ಟು ದೂರ ಎಂದರೆ ಉತ್ತರ ಒಂದೇ: 'ಇಲ್ಲೇ ಅದ ಕಣಿ ಸಾ.' ಆ 'ಇಲ್ಲೇ'ಗೆ ಗಡಿಯಾರ ಹಿಡಿಯಬಾರದು.

ದಾರಿಯ ಎರಡೂ ಕಡೆ ಲಂಟಾನ. ತಲೆಯೆತ್ತರ ಬೆಳೆದು ಹುಲ್ಲನ್ನೇ ನುಂಗಿಬಿಟ್ಟಿದೆ. ಹಿಂದೆ ಇಲ್ಲಿನ ಸೋಲಿಗ ಬುಡಕಟ್ಟಿನವರು ಬೇಸಿಗೆಯ ಮೊದಲಲ್ಲೇ ಉದುರೆಲೆಗೆ ಸಣ್ಣ ಬೆಂಕಿ ಕೊಡುತ್ತಿದ್ದರು, ತರಗು ಬೆಂಕಿ. ಅದನ್ನು ನಿಲ್ಲಿಸಿದ ಮೇಲೆ ಈ ಗಿಡ ಹಬ್ಬಿತು ಎನ್ನುವುದು ಅವರ ಹಳೆಯ ವಾದ. ಪರಿಸರ ಸಂಶೋಧಕರಲ್ಲೂ ಅದನ್ನು ಒಪ್ಪುವವರಿದ್ದಾರೆ. ಅದೇ ಲಂಟಾನದ ಕಡ್ಡಿಯಿಂದ ಕುರ್ಚಿ, ಬುಟ್ಟಿ ಹೆಣೆಯುವುದನ್ನು ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆ ಬೆಟ್ಟದ ಸೋಲಿಗರಿಗೆ ಕಲಿಸಿತು. ಒಳ್ಳೆಯ ಕೆಲಸವೇ. ಆದರೆ ಗುಡ್ಡದ ತುಂಬ ಹಬ್ಬಿದ್ದನ್ನು ಕುರ್ಚಿ ಮಾಡಿ ಮುಗಿಸಲಾದೀತೆ?

ಇಂಡಿಗನತ್ತ ಬಂದಾಗ ಎಲ್ಲರ ಕೈಗೂ ಮೊಬೈಲು ಬಂತು. ಹುಲ್ಲಿನ ಬಣವೆ, ರಾಗಿ ಹೊಲ, ಹಿಂದೆ ನೀಲಿ ಗುಡ್ಡ. ನನಗೆ ಮಾತ್ರ ಕೈ ಬರಲಿಲ್ಲ. ಭಾನುವಾರ ಬೆಳಿಗ್ಗೆ ನಮ್ಮ ಬಳೇಪೇಟೆಗೂ ಪಾರಂಪರಿಕ ನಡಿಗೆಯವರು ಬರುತ್ತಾರೆ. ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಪೇಟೆ, ನೋಡಿ ಈ ಕಿರಿದಾದ ಓಣಿ, ಎಂದು ಕರೆತಂದವರು ಹೇಳುತ್ತಾರೆ. ಆಹಾ ಎನ್ನುತ್ತಾರೆ ಬಂದವರು. ಆ ಕಿರಿದಾದ ಓಣಿಗೆ ಆಂಬುಲೆನ್ಸ್ ಬಾರದೆ ನಮ್ಮ ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತೊಯ್ದದ್ದು ನಡಿಗೆಯ ಕಥೆಯಲ್ಲಿ ಬರುವುದಿಲ್ಲ. ಇಂಡಿಗನತ್ತದಲ್ಲಿ ನಾನು ಕೇಳಿದ ಮೊದಲ ಪ್ರಶ್ನೆಯೂ ಅದೇ, ಕಾಯಿಲೆ ಬಿದ್ದರೆ ಏನು ಮಾಡುತ್ತೀರಿ? ಜೀಪು ಸಿಕ್ಕರೆ ಜೀಪು, ಇಲ್ಲವಾದರೆ ಡೋಲಿ ಕಟ್ಟಿ ಹೊರುವುದು ಎಂದ ಮಾರ್ಗದರ್ಶಿ.

ಈ ಊರಿನ ಹೆಸರು ಪತ್ರಿಕೆ ಓದುವವರಿಗೆಲ್ಲ ಗೊತ್ತು. 2024ರ ಏಪ್ರಿಲ್ 26ರಂದು ಲೋಕಸಭೆ ಮತದಾನದ ದಿನ ಮತಗಟ್ಟೆ ಧ್ವಂಸವಾಯಿತು, ಮತಯಂತ್ರ ಒಡೆಯಿತು. ರಸ್ತೆ, ನೀರು ಕೊಡದವರಿಗೆ ಓಟಿಲ್ಲ ಎಂದು ಊರವರು ಬಹಿಷ್ಕಾರ ಹಾಕಿದ್ದರು. ಪಕ್ಕದ ಮೆಂದಾರೆಯ ಸೋಲಿಗರು ಓಟು ಹಾಕಲು ಬಂದಿದ್ದರು. ಆ ಗಲಾಟೆಯಲ್ಲಿ ಅಧಿಕಾರಿಗಳಿಗೂ ಪೊಲೀಸರಿಗೂ ಪೆಟ್ಟು ಬಿದ್ದಿತು. 29ಕ್ಕೆ ಮರುಮತದಾನವಾದಾಗ ಬಂಧನದ ಭಯಕ್ಕೆ ಗಂಡಸರು ಅನೇಕರು ಊರಲ್ಲೇ ಇರಲಿಲ್ಲ. ಅದನ್ನೆಲ್ಲ ಅಲ್ಲಿ ನಿಂತು ಕೆದಕುವುದು ನಮಗೆ ಬೇಡವೆನ್ನಿಸಿತು. ಮಾರ್ಗದರ್ಶಿಯೇ ಒಂದು ಮಾತು ಆಡಿ ಸುಮ್ಮನಾದ. ರಸ್ತೆ ಕೇಳುವ ಬೇಡಗಂಪಣರು, ಓಟು ಹಾಕಲು ಬಂದ ಸೋಲಿಗರು, 2013ರಲ್ಲಿ ವನ್ಯಜೀವಿಧಾಮವಾದ ಕಾಡು, ಡಾಂಬರು ಬೇಡವೆನ್ನುವ ಕಾನೂನು: ಒಂದು ಹಗಲು ನಡೆದುಹೋಗುವವನು ಇದರಲ್ಲಿ ಯಾರ ಪರ ತೀರ್ಪು ಕೊಡಬಲ್ಲ?

ಆದರೂ ನಡೆಯಲು ಬರುವ ನಮ್ಮಂಥವರ ಬಗ್ಗೆ ಒಂದು ಅಭಿಪ್ರಾಯ ನನಗಿದೆ. ಮೊರಾಕ್ಕೊದ ಅಟ್ಲಾಸ್ ಪರ್ವತದಲ್ಲಿ, 4,167 ಮೀಟರ್ ಎತ್ತರದ ತೂಬ್ಕಾಲ್ ಶಿಖರದ ಬುಡದಲ್ಲಿ ಇಮ್ಲಿಲ್ ಎಂಬ ಊರಿದೆ. ಅಲ್ಲಿಂದ ಬರ್ಬರ್ ಹಳ್ಳಿಗಳ ನಡುವೆ ಹಗಲು ನಡಿಗೆ ಮಾಡಿಸುವವರು ಆ ಹಳ್ಳಿಗಳವರೇ. ಮೂಟೆಗೆ ಹೇಸರಗತ್ತೆ, ಮಧ್ಯಾಹ್ನಕ್ಕೆ ಯಾರದೋ ಮನೆಯ ಊಟ, ಪುದೀನ ಹಾಕಿದ ಚಹಾ. ನಡೆಯುವವನ ದುಡ್ಡು ದಾರಿಯುದ್ದಕ್ಕೂ ಊರಿನೊಳಗೇ ಇಳಿಯುತ್ತದೆ. ನಮ್ಮಲ್ಲಿ ಬೆಂಗಳೂರಿನ ಚಾರಣ ತಂಡಗಳು ಬಸ್ಸು, ಬುತ್ತಿ, ನೀರು ಎಲ್ಲ ಇಲ್ಲಿಂದಲೇ ಹೊತ್ತೊಯ್ಯುತ್ತವೆ. ಊರಿಗೆ ಉಳಿಯುವುದು ಬಿಸ್ಕತ್ತಿನ ಕಾಗದ.

ನಾವು ಊಟವನ್ನು ಮಾರ್ಗದರ್ಶಿಯ ಮನೆಯಲ್ಲೇ ಮೊದಲೇ ಹೇಳಿಟ್ಟಿದ್ದೆವು. ರಾಗಿಮುದ್ದೆ, ಅವರೆಕಾಳಿನ ಸಾರು. ಎಷ್ಟು ಕೊಡಲಿ ಎಂದರೆ ಆ ಮನೆಯಾಕೆ ನಾಚಿ ಒಳಗೆ ಹೋಗಿಬಿಟ್ಟಳು. ದರವನ್ನು ಮುಂಚೆಯೇ ಗಂಡನ ಹತ್ತಿರವಲ್ಲ, ಅಡುಗೆ ಮಾಡುವವಳ ಹತ್ತಿರವೇ ಮಾತಾಡಿಕೊಂಡಿರಬೇಕು.

ನಾಗಮಲೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೆಡೆಯೆತ್ತಿದಂಥ ಬಂಡೆ, ಅದರಡಿ ಲಿಂಗ, ಹೊತ್ತುಗೊತ್ತಿಲ್ಲದ ಗಾಳಿ. 'ಉಘೇ ಮಾದಪ್ಪ' ಎಂದು ಒಬ್ಬರು ಕೂಗಿದರೆ ಗುಡ್ಡ ಎರಡು ಸಲ ಕೂಗುತ್ತದೆ.

ರಸ್ತೆ ಬಂದರೆ ನಿಮ್ಮ ಮಾರ್ಗದರ್ಶಿ ಕೆಲಸ ಹೋಗುವುದಿಲ್ಲವೇ ಎಂದು ಇಳಿಯುವಾಗ ಕೇಳಿದೆ. 'ಓಗ್ಲಿ ಬುಡಿ ಸಾ. ಮಕ್ಳು ಇಸ್ಕೂಲ್ಗೆ ಓಗ್ತವಲ್ಲ' ಎಂದ.

ಹೋಗುವವರು ಮಳೆ ನಿಂತ ಮೇಲೆ, ನವೆಂಬರಿನಿಂದ ಜನವರಿಯೊಳಗೆ ಹೋಗಿ. ಮಾರ್ಚಿನ ಬಿಸಿಲಿಗೆ ಆ ಕಲ್ಲುದಾರಿಯಲ್ಲಿ ನೆರಳಿಲ್ಲ. ಅಮಾವಾಸ್ಯೆಯ ಆಸುಪಾಸು ಗುಡಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಆ ದಿನ ತಪ್ಪಿಸಿ. ಸಿಗ್ನಲ್ ಇಲ್ಲದ ಕಡೆ ಫೋನಿನಲ್ಲಿ ದುಡ್ಡು ಕಳಿಸಲಾಗದು, ಚಿಲ್ಲರೆ ನೋಟು ಜೇಬಲ್ಲಿರಲಿ. ಮಾರ್ಗದರ್ಶಿಯ ಕೂಲಿಯನ್ನು ತಂಡದ ಮುಖಂಡನ ಕೈಗಲ್ಲ, ಅವನ ಕೈಗೇ ಕೊಡಿ.