ತೋಟೆಯ ಉದ್ದ: ಟ್ರಿಮರ್ ಯಾವುದು ಅಂತ ಕೇಳುವ ಮೊದಲು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ತೋಟ ಇರುವ ಕೆಲವು ಮನೆಗಳಲ್ಲಿ ಬೆಳೆ ರಕ್ಷಣೆಗೆ ಲೈಸೆನ್ಸ್ ಪಡೆದ ಕೋವಿ ಇರುತ್ತದೆ. ಚುನಾವಣೆ ಬಂದಾಗ ಅದನ್ನು ಠಾಣೆಯಲ್ಲಿಟ್ಟು ಆಮೇಲೆ ತರುವುದನ್ನು ನಾವು ನೋಡಿದ್ದೇವೆ. ಅಂಥ ಮನೆಯವರಿಗೆ ವಿದೇಶದ ರೀಲೋಡಿಂಗ್ ವಿಡಿಯೊ ಕಂಡರೆ, ಖಾಲಿ ಹಿತ್ತಾಳೆ ಕೇಸ್ ಕತ್ತರಿಸುವ ಆ ಪುಟ್ಟ ಟ್ರಿಮರ್ ನಮಗೂ ಬೇಕು ಅನಿಸುತ್ತೆ. ಯಾವುದು ಒಳ್ಳೇದು ಅಂತ ಕೇಳುವ ಮೊದಲು ಅದರ ಕೆಲಸ ಏನು ಅಂತ ತಿಳಿಯೋಣ.

ಕತ್ತರಿಸೋದು ಯಾಕೆ?

ರೈಫಲ್ ಕೇಸಿನ ಹಿತ್ತಾಳೆಯಲ್ಲಿ ಸುಮಾರು 70 ಭಾಗ ತಾಮ್ರ, 30 ಭಾಗ ಸತು. ಗುಂಡು ಹಾರಿದಾಗ ಕೇಸ್ ಹಿಗ್ಗುತ್ತೆ. ಮತ್ತೆ ಬಳಸಲು ಅದನ್ನು ಡೈಯಲ್ಲಿ ಒತ್ತಿದಾಗ ಲೋಹ ಬಾಯಿಯ ಕಡೆ ಹರಿದು ಕೇಸ್ ಉದ್ದವಾಗುತ್ತೆ. .308 ವಿಂಚೆಸ್ಟರ್ ಕೇಸಿನ ಗರಿಷ್ಠ ಉದ್ದ 51.18 ಮಿ.ಮೀ., ಟ್ರಿಮ್ ಮಾಡುವ ಉದ್ದ 50.93. ನಡುವೆ ಇರೋದು ಕಾಲು ಮಿಲಿಮೀಟರ್. ಮಿತಿ ಮೀರಿದರೆ ಕೇಸಿನ ಬಾಯಿ ಚೇಂಬರಿನ ತುದಿಗೆ ಒತ್ತಿ ಬುಲೆಟನ್ನು ಬಿಗಿ ಹಿಡಿಯುತ್ತೆ. ಬುಲೆಟ್ ಸುಲಭವಾಗಿ ಬಿಡದೆ ಒತ್ತಡ ಅಪಾಯದ ಮಟ್ಟಕ್ಕೆ ಏರಬಹುದು.

ಟ್ರಿಮರ್‌ಗಳಲ್ಲಿ ವ್ಯತ್ಯಾಸ ಏನು?

ವರ್ಕ್‌ಶಾಪಲ್ಲಿ ಕಲಿತ ಡೇಟಮ್ ಇಲ್ಲಿ ಬರುತ್ತೆ: ಅಳತೆ ಎಲ್ಲಿಂದ ಶುರು? ಲೇತ್ ಮಾದರಿಯದು ಕೇಸಿನ ಬುಡ ಹಿಡಿದು ಕತ್ತರಿಸುತ್ತೆ. ಭುಜಕ್ಕೆ ಆನಿಸಿ ಕತ್ತರಿಸುವುದು ಬೇಗ ಕೆಲಸ ಮುಗಿಸುತ್ತೆ, ಆದರೆ ಡೈಯಲ್ಲಿ ಎಲ್ಲ ಕೇಸಿನ ಭುಜವೂ ಒಂದೇ ಜಾಗಕ್ಕೆ ಬಂದಿದ್ದರೆ ಮಾತ್ರ ಉದ್ದ ಒಂದೇ ಬರುತ್ತೆ. ಕೈಯಲ್ಲಿ ತಿರುಗಿಸುವ ಇನ್ನೊಂದು ಬಗೆಯಲ್ಲಿ ಉದ್ದವನ್ನು ಒಂದು ಗೇಜ್ ಕಡ್ಡಿಯೇ ನಿಗದಿ ಮಾಡುತ್ತೆ. ಅಗ್ಗ, ಆದರೆ ಒಂದು ಕಡ್ಡಿ ಒಂದೇ ಬಗೆಯ ಕೇಸಿಗೆ. ಯಾವುದಾದರೂ ಕೊನೆಗೆ 0.02 ಮಿ.ಮೀ. ಲೀಸ್ಟ್ ಕೌಂಟಿನ ವರ್ನಿಯರಲ್ಲಿ ಅಳೆಯಲೇಬೇಕು.

ನಮ್ಮಲ್ಲಿ ಕಾನೂನು

1959ರ ಆಯುಧ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ. ಕೋವಿ ಇಟ್ಟುಕೊಳ್ಳುವ ಲೈಸೆನ್ಸ್ ಬೇರೆ, ತಯಾರಿಸುವ ಲೈಸೆನ್ಸ್ ಬೇರೆ. ಮದ್ದುಗುಂಡಿನ ಬಿಡಿಭಾಗ, ಅದನ್ನು ತಯಾರಿಸುವ ಯಂತ್ರ ಎರಡೂ ಕಾಯ್ದೆಯ ವ್ಯಾಖ್ಯೆಯಲ್ಲಿ 'ಮದ್ದುಗುಂಡು' ಅಂತಲೇ ಲೆಕ್ಕ. 2019ರ ತಿದ್ದುಪಡಿ ಆದಮೇಲೆ ಅಕ್ರಮ ತಯಾರಿಕೆಗೆ ಕನಿಷ್ಠ 7 ವರ್ಷ ಜೈಲು. ಹಾಗಾಗಿ ಹಾಸ್ಟೆಲಿಗೋ ಮನೆಗೋ ಟ್ರಿಮರ್ ತರಿಸುವ ಯೋಚನೆ ಬೇಡ.

ಮನೆಯ ಕೋವಿಗೆ ಈ ಪಾಠ ಯಾಕೆ?

ಕೇಪಿನ ಕೋವಿಗೆ ಕೇಸೇ ಇಲ್ಲ. 12 ಬೋರ್ ತೋಟೆಗೆ ಬುಡದಲ್ಲಷ್ಟೇ ಲೋಹ, ಮೇಲೆ ಪ್ಲಾಸ್ಟಿಕ್ ಅಥವಾ ಕಾಗದ. ಎರಡಕ್ಕೂ ಈ ಟ್ರಿಮರ್ ಕೆಲಸಕ್ಕೆ ಬರಲ್ಲ. ಆದರೆ ಉದ್ದದ ಅಪಾಯ ಇಲ್ಲೂ ಇದೆ. ಹಳೇ ಕೋವಿಗಳಲ್ಲಿ ಕೆಲವಕ್ಕೆ 65 ಮಿ.ಮೀ. ಚೇಂಬರ್ ಇರುತ್ತೆ, ಈಗ ಸಾಮಾನ್ಯವಾಗಿ ಸಿಗುವ ತೋಟೆ 70 ಮಿ.ಮೀ. ಈ 70 ಅನ್ನೋದು ತೋಟೆಯ ಬಾಯಿ ಬಿಚ್ಚಿಕೊಂಡ ಮೇಲಿನ ಉದ್ದ. ಬಾಯಿ ಮಡಚಿರುವ ಹೊಸ ತೋಟೆ ಗಿಡ್ಡ, ಆದ್ದರಿಂದ 65ರ ಚೇಂಬರಿಗೂ ಸಲೀಸಾಗಿ ಹೋಗುತ್ತೆ. ಈಡು ಹೊಡೆದಾಗ ಮಡಿಕೆ ಬಿಚ್ಚಿಕೊಳ್ಳಲು ಜಾಗ ಸಾಲದೆ ದಾರಿ ಕಿರಿದಾಗಿ ಒತ್ತಡ ಏರುತ್ತೆ.

ಅಂದರೆ ತೋಟೆ ಒಳಗೆ ಹೋಯಿತು ಅಂದ ಮಾತ್ರಕ್ಕೆ ಅದು ಆ ಕೋವಿಯದ್ದೇ ಅಂತ ಅಲ್ಲ. ಈ ಸಲ ಊರಿಗೆ ಹೋದಾಗ ಲೈಸೆನ್ಸ್ ಇರುವ ಅಜ್ಜನಿಗೋ ಮಾವನಿಗೋ ಒಂದು ಮಾತು ಹೇಳೋಣ: ನಳಿಗೆಯ ಬುಡದಲ್ಲಿರುವ ಗುರುತನ್ನೂ ತೋಟೆಯ ಪೆಟ್ಟಿಗೆಯ ಮೇಲಿನ ಉದ್ದವನ್ನೂ ತಾಳೆ ನೋಡಿ. ಗುರುತು ಮಾಸಿದ್ದರೆ ಲೈಸೆನ್ಸ್ ಇರುವ ಕೋವಿ ಅಂಗಡಿಯಲ್ಲಿ ಚೇಂಬರ್ ಅಳೆಸಿ, ಅಲ್ಲಿಯ ತನಕ ಈಡು ಬೇಡ.