ಫಲಿಸದ ಪ್ರಯೋಗಕ್ಕೂ ಒಂದು ಅಧ್ಯಾಯ

ಪ್ರಯೋಗ ಕೈಕೊಟ್ಟಾಗ ವಿಜ್ಞಾನಿ ಕುಗ್ಗಿಹೋಗುತ್ತಾನೆ ಎಂದು ಹೊರಗಿನವರು ಭಾವಿಸುತ್ತಾರೆ. ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ದುಡಿದ ಮೇಲೆ ನನಗೆ ಮನದಟ್ಟಾಗಿರುವುದು ಬೇರೆ. ಕೈಕೊಡುವುದು ಈ ಕಸುಬಿನ ನಿತ್ಯದ ಪಾಡು, ಅದಕ್ಕೆ ಮನಸ್ಸು ಒಗ್ಗಿಕೊಳ್ಳುತ್ತದೆ. ಅದರಿಂದ ತಿಳಿದದ್ದು ಯಾರಿಗೂ ಮುಟ್ಟದೆ ನೋಟ್‌ಬುಕ್ಕಿನಲ್ಲೇ ಉಳಿಯುತ್ತದಲ್ಲ, ಅದಕ್ಕೆ ಮಾತ್ರ ಒಗ್ಗಿಕೊಳ್ಳಲು ಆಗುವುದಿಲ್ಲ. ರೋಗಪೀಡಿತ ಜೀವಕೋಶದಲ್ಲಿ ಒಂದು ಪ್ರೋಟೀನ್ ಹೆಚ್ಚುತ್ತದೆ ಎಂಬ ಊಹೆಯಿಂದ, ಪ್ರೋಟೀನಿನ ಪ್ರಮಾಣವನ್ನು ಬ್ಯಾಂಡ್ ಎಂಬ ಪಟ್ಟಿಯ ದಪ್ಪದಲ್ಲಿ ತೋರಿಸುವ ವೆಸ್ಟರ್ನ್ ಬ್ಲಾಟ್ ಪರೀಕ್ಷೆ ಮಾಡುತ್ತೇವೆ ಎನ್ನಿ. ರೋಗದ ಕೋಶ, ಆರೋಗ್ಯವಂತ ಕೋಶ ಎರಡರಲ್ಲೂ ಒಂದೇ ದಪ್ಪದ ಬ್ಯಾಂಡ್ ಕಂಡರೆ ಅದೂ ಉತ್ತರವೇ. ಆದರೆ ವ್ಯತ್ಯಾಸವಿಲ್ಲ ಎಂಬ ಉತ್ತರವನ್ನು ಅಚ್ಚು ಹಾಕಲು ಪತ್ರಿಕೆಗಳು ಹಿಂಜರಿಯುತ್ತವೆ. ಅಚ್ಚಾಗದ ಕೆಲಸ ಬಡ್ತಿಗೂ ಅನುದಾನಕ್ಕೂ ಲೆಕ್ಕಕ್ಕಿಲ್ಲ. ಹೀಗಾಗಿ ಇನ್ನೊಂದು ಊರಿನ ಪಿಎಚ್.ಡಿ. ವಿದ್ಯಾರ್ಥಿನಿ ಅದೇ ಊಹೆಗೆ ತನ್ನ ಫೆಲೋಶಿಪ್ಪಿನ ವರ್ಷಗಳನ್ನು ಸುರಿಯಬೇಕಾಗುತ್ತದೆ.

ಇದು ಸಂಶೋಧಕರ ಅಳಲಷ್ಟೇ ಅಲ್ಲ, ರೋಗಿಗಳ ಪ್ರಶ್ನೆಯೂ ಹೌದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಲ್ಲಿ ನೋಂದಣಿಯಾಗಿದ್ದ, ಖಿನ್ನತೆಯ ಔಷಧಗಳ 74 ಪರೀಕ್ಷೆಗಳನ್ನು ಎರಿಕ್ ಟರ್ನರ್ ಮತ್ತು ಸಂಗಡಿಗರು ಜಾಲಾಡಿ 2008ರಲ್ಲಿ ವರದಿ ಮಾಡಿದರು. ಔಷಧ ಫಲ ಕೊಟ್ಟಿದೆ ಎಂದು ಸಂಸ್ಥೆ ಒಪ್ಪಿದ್ದ 38ರಲ್ಲಿ 37 ಪ್ರಕಟವಾಗಿದ್ದವು. ಫಲವಿಲ್ಲದ ಅಥವಾ ಅನುಮಾನದ 36ರಲ್ಲಿ 22 ಅಚ್ಚಾಗಲೇ ಇಲ್ಲ. 11 ಗೆದ್ದಂತೆ ಬಿಂಬಿಸಿಕೊಂಡು ಬಂದವು. ಇದ್ದದ್ದನ್ನು ಇದ್ದಂತೆ ಹೇಳಿದವು ಬರೀ 3. ಪತ್ರಿಕೆಗಳನ್ನಷ್ಟೇ ನಂಬಿ ಔಷಧಿ ಬರೆದುಕೊಡುವ ವೈದ್ಯರಿಗೆ ಅರ್ಧ ಚಿತ್ರ ಕಾಣಿಸಲೇ ಇಲ್ಲ.

ಸೋಲಿಗೆ ಕೈತಪ್ಪೂ ಕಾರಣವಿರಬಹುದು, ಅದನ್ನೆಲ್ಲ ಪ್ರಕಟಿಸಿದರೆ ಕಸ ತುಂಬೀತು ಎಂಬ ಆಕ್ಷೇಪಣೆ ಇದೆ. ಅದರಲ್ಲಿ ಹುರುಳಿದೆ, ನಮ್ಮ ದೇಶದಲ್ಲಂತೂ ಇನ್ನೂ ಹೆಚ್ಚು. ವಿದೇಶದಿಂದ ಡ್ರೈ ಐಸ್‌ನಲ್ಲಿ ಹೊರಟ ಕಿಣ್ವ ಕಸ್ಟಮ್ಸ್‌ನಲ್ಲಿ ತಡವಾಗಿ, ಐಸ್ ಮುಗಿದ ಮೇಲೆ ಕೈಸೇರಿದರೆ, ಊಹೆ ಸುಳ್ಳೋ ಕಿಣ್ವವೇ ಸತ್ತಿದೆಯೋ ಹೇಳುವುದು ಕಷ್ಟ. ಆದರೆ ಕಂಟ್ರೋಲ್ ಇಡುವುದು ಇದಕ್ಕಾಗಿಯೇ ತಾನೆ? ಫಲಿಸಲೇಬೇಕಾದ ನಮೂನೆಯಲ್ಲಿ ಅದೇ ಕಿಣ್ವ ಕೆಲಸ ಮಾಡಿದ್ದರೆ, ಉಳಿದ ಕಡೆಯ ಇಲ್ಲ ಎಂಬ ಉತ್ತರವನ್ನು ನಂಬಬಹುದು. ಗೆದ್ದ ಪ್ರಯೋಗದಲ್ಲೂ ಕೈತಪ್ಪು ಇರಬಹುದು. ಅಲ್ಲಿ ನಾವು ಇಷ್ಟು ಅನುಮಾನ ಪಡುವುದಿಲ್ಲ. ಈ ತಾರತಮ್ಯ ತಪ್ಪಿಸಲು, ಫಲಿತಾಂಶ ಬರುವ ಮೊದಲೇ ವಿಧಾನವನ್ನು ಪರಿಶೀಲಿಸಿ, ಪ್ರಕಟಣೆಗೆ ಒಪ್ಪಿಗೆ ಕೊಡುವ ಪದ್ಧತಿಯನ್ನು 'ಕಾರ್ಟೆಕ್ಸ್' ಪತ್ರಿಕೆ 2013ರಲ್ಲೇ ತಂದಿತು. ನಾವು ಅಷ್ಟು ದೂರ ಹೋಗುವುದೂ ಬೇಡ. ನಮ್ಮ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಮಹಾಪ್ರಬಂಧಗಳು ಶೋಧಗಂಗಾ ಎಂಬ ಆನ್‌ಲೈನ್ ಭಂಡಾರದಲ್ಲಿ ಯಾರು ಬೇಕಾದರೂ ಓದುವಂತೆ ಸಿಗುತ್ತವೆ. ಅವುಗಳಲ್ಲಿ ಫಲಿಸದ ಪ್ರಯೋಗಗಳಿಗೆಂದೇ ಒಂದು ಅಧ್ಯಾಯವನ್ನು, ಕಂಟ್ರೋಲ್‌ಗಳ ವಿವರದ ಸಮೇತ, ಕಡ್ಡಾಯ ಮಾಡಲು ಹೊಸ ಅನುದಾನವೇನೂ ಬೇಕಾಗಿಲ್ಲ.