ಹಳೆಯ ಜೀಪಿನ ಎಂಜಿನು ನಿಂತಲ್ಲಿಯೇ ಅತಿವೇಗವಾಗಿ ತಿರುಗುವುದು: ಕಾರಣಗಳೂ ಪರೀಕ್ಷೆಯ ಕ್ರಮವೂ

1. ಪೀಠಿಕೆ

ಜೀಪು ಯುದ್ಧಕ್ಕಾಗಿ ಹುಟ್ಟಿದ ಗಾಡಿಯಾದರೂ ಬೇಸಾಯಗಾರನ ಗಾಡಿಯಾಗಿ ಬಹುಕಾಲವಾಯಿತು. ಅಮೆರಿಕದ ವಿಲ್ಲಿಸ್ ಕಂಪೆನಿಯವರು 1945ರಲ್ಲಿ ನಾಗರಿಕರ ಉಪಯೋಗಕ್ಕೆಂದು ಹೊರತಂದ ಮೊದಲನೆಯ ಜೀಪನ್ನು ರೈತರನ್ನು ಕಣ್ಣಮುಂದಿಟ್ಟುಕೊಂಡೇ ಮಾರಾಟಕ್ಕಿಟ್ಟರು. ನಮ್ಮ ದೇಶದಲ್ಲಿ ಮಹೀಂದ್ರ ಕಂಪೆನಿಯವರು 1940ರ ದಶಕದ ಕೊನೆಯಿಂದ ಬೊಂಬಾಯಿಯಲ್ಲಿ ಜೀಪುಗಳನ್ನು ಜೋಡಿಸತೊಡಗಿದರು. 1953ರಲ್ಲಿ ವಿಲ್ಲಿಸರಿಂದ ಹೊರಬಂದ ಸಿ.ಜೆ. 3ಬಿ ಎಂಬ ಮಾದರಿಯನ್ನು ಮುಂದೆ ಅನೇಕ ವರ್ಷ ಇಲ್ಲಿಯೇ ತಯಾರಿಸಿದರು. ಯಲಹಂಕ, ಹೆಬ್ಬಾಳದ ಸುತ್ತಣ ಹಿಡುವಳಿದಾರರ ಮನೆಗಳಲ್ಲಿ ತಂದೆತಾತಂದಿರ ಕಾಲದ ಇಂತಹ ಪೆಟ್ರೋಲ್ ಜೀಪು ಉಳಿದುಬಂದಿರುವುದುಂಟು. ಅವುಗಳಲ್ಲಿ ಪದೇ ಪದೇ ಕಾಣಬರುವ ಒಂದು ದೋಷವನ್ನು ಪರೀಕ್ಷಿಸುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

2. ದೋಷದ ಲಕ್ಷಣ

ಗಾಡಿಯನ್ನು ನಿಲ್ಲಿಸಿ ಕಾಲನ್ನು ಆಕ್ಸಿಲರೇಟರಿನಿಂದ ತೆಗೆದಾಗಲೂ ಎಂಜಿನು ಮೆಲ್ಲಗೆ ತಿರುಗುತ್ತಿರುತ್ತದೆ. ಗ್ಯಾರೇಜಿನವರು ಇದನ್ನು ಐಡ್ಲಿಂಗ್ ಎನ್ನುತ್ತಾರೆ. ಎಂಜಿನು ಚೆನ್ನಾಗಿ ಕಾದಮೇಲೆ ಈ ಜೀಪುಗಳಲ್ಲಿ ಈ ವೇಗವು ನಿಮಿಷಕ್ಕೆ ಸುಮಾರು 600 ಸುತ್ತುಗಳಿರಬೇಕು. ಬೆಳಗಿನ ತಣ್ಣನೆಯ ಹೊತ್ತಿನಲ್ಲಿ ಚೋಕು ಎಳೆದು ಹೊರಡಿಸಿದಾಗ ಸ್ವಲ್ಪ ಹೊತ್ತು ಹೆಚ್ಚು ವೇಗವಾಗಿ ತಿರುಗುವುದು ಸಹಜ, ಅದು ದೋಷವಲ್ಲ. ಎಂಜಿನು ಕಾದು ಚೋಕನ್ನು ಪೂರ್ತಿ ಒಳಕ್ಕೆ ತಳ್ಳಿದ ಮೇಲೂ ವೇಗವು ಇಳಿಯದಿದ್ದರೆ ಮಾತ್ರ ದೋಷವುಂಟೆಂದು ತಿಳಿಯತಕ್ಕದ್ದು.

ಇದನ್ನು ಅಲ್ಪದೋಷವೆಂದು ಬಿಡಕೂಡದು. ಪೆಟ್ರೋಲು ವ್ಯರ್ಥವಾಗುವುದು ಒಂದು ನಷ್ಟ. ಅದಕ್ಕಿಂತಲೂ ಮುಖ್ಯವಾದುದು ಪ್ರಾಣಾಪಾಯ. ಯಶವಂತಪುರದ ಮಂಡಿಗೆ ಮೂಟೆ ಹೇರಿಕೊಂಡು ಹೋಗುವಾಗ ಜನಸಂದಣಿಯಲ್ಲಿ ಗೇರಿನಲ್ಲಿರುವ ಗಾಡಿಯು ಮುಂದಕ್ಕೆ ನುಗ್ಗುತ್ತದೆ. ನಂದಿಬೆಟ್ಟದಂತಹ ಇಳಿಜಾರಿನಲ್ಲಿ ಎಂಜಿನು ಗಾಡಿಯನ್ನು ಹಿಡಿದು ನಿಲ್ಲಿಸುವುದಕ್ಕೆ ಬದಲಾಗಿ ಮುಂದಕ್ಕೆ ದೂಡುವುದರಿಂದ ಭಾರವೆಲ್ಲವೂ ಬ್ರೇಕಿನ ಮೇಲೆಯೇ ಬೀಳುತ್ತದೆ. ಬ್ರೇಕು ಕಾದಷ್ಟೂ ಅದರ ಹಿಡಿತವು ಕುಗ್ಗುತ್ತದೆ.

3. ಕಾರಣವೇನು?

ಪೆಟ್ರೋಲ್ ಎಂಜಿನು ಎಷ್ಟು ವೇಗವಾಗಿ ತಿರುಗಬೇಕೆಂಬುದನ್ನು ನಿರ್ಣಯಿಸುವುದು ಅದರೊಳಕ್ಕೆ ಹೋಗುವ ಗಾಳಿ. ಕಾರ್ಬುರೇಟರಿನ ಕೊಳವೆಯಲ್ಲಿ ಥ್ರಾಟಲ್ ಎಂಬ ಒಂದು ತಟ್ಟೆಯುಂಟು. ಕೆರೆಯ ತೂಬು ನೀರನ್ನು ಹೇಗೆ ಅಳತೆಯಿಂದ ಬಿಡುವುದೋ ಹಾಗೆಯೇ ಈ ತಟ್ಟೆಯು ಗಾಳಿಯನ್ನು ಬಿಡುತ್ತದೆ. ಕಾಲು ತೆಗೆದಾಗ ತಟ್ಟೆಯು ಮುಚ್ಚಿಕೊಂಡು ಎಂಜಿನು ಆರದಿರುವಷ್ಟು ಗಾಳಿ ಮಾತ್ರ ಒಳಕ್ಕೆ ಹೋಗಬೇಕು.

ಆದಕಾರಣ ವೇಗವು ಹೆಚ್ಚಿದ್ದರೆ ಸಾಮಾನ್ಯವಾಗಿ ಎರಡರಲ್ಲಿ ಒಂದು ಕಾರಣವಿರಬೇಕು: ತೂಬು ಸರಿಯಾಗಿ ಮುಚ್ಚಿಲ್ಲ, ಅಥವಾ ತೂಬು ಮುಚ್ಚಿದ್ದರೂ ಏರಿಯಲ್ಲಿ ಬಿಲ ಬಿದ್ದು ಬೇರೊಂದು ದಾರಿಯಿಂದ ಗಾಳಿ ಒಳಕ್ಕೆ ಸೇರುತ್ತಿದೆ. ಅಪರೂಪವಾಗಿ ಕಿಡಿ ಹಾರುವ ಸಮಯವು ಮುಂದಾಗಿರುವುದೂ ಕಾರಣವಾಗಬಹುದು.

ವೇಗವನ್ನು ಇಳಿಸಲು ಕಾರ್ಬುರೇಟರಿನ ತಿರುಪನ್ನು ಮೊದಲೇ ತಿರುಗಿಸಿಬಿಡುವುದು ಅನೇಕರ ಪದ್ಧತಿ. ಏರಿಯಲ್ಲಿ ನೀರು ಸೋರುತ್ತಿರುವಾಗ ತೂಬನ್ನು ಬಿಗಿಮಾಡಿದಂತೆ ಇದು. ಒಂದೆರಡು ದಿನ ವೇಗವು ಇಳಿದಂತೆ ಕಂಡರೂ ಬಿಲವು ದೊಡ್ಡದಾಗುತ್ತಲೇ ಇರುತ್ತದೆ. ಹಾಗೆ ಸೇರುವ ಗಾಳಿಗೆ ತಕ್ಕ ಪೆಟ್ರೋಲು ಸಿಕ್ಕದೆ ಎಂಜಿನು ಮಿತಿಮೀರಿ ಕಾದು ವಾಲ್ವುಗಳು ಸುಡುವ ಸಂಭವವುಂಟು. ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಡಾಕ್ಟರ್ ಲೆಸ್ಲಿ ಕೋಲ್‌ಮನ್ನರು ಮಲೆನಾಡಿನ ಅಡಕೆಯ ಕೊಳೆರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಮೊದಲು ಗುರುತಿಸಿ, ಆಮೇಲೆ ಬೋರ್ಡೋ ದ್ರಾವಣವನ್ನು ಮಳೆಗೆ ಮುಂಚೆ ಸಿಂಪಡಿಸುವುದನ್ನು ರೂಢಿಗೆ ತಂದರು. ಗಿಡಕ್ಕೆ ಸಲ್ಲುವ ಈ ಕ್ರಮವು ಎಂಜಿನಿಗೂ ಸಲ್ಲುವುದು.

4. ಪರೀಕ್ಷೆಗೆ ಮುಂಚಿನ ಎಚ್ಚರಿಕೆ

ಗಾಡಿಯನ್ನು ಸಮನೆಲದ ಮೇಲೆ, ಬಯಲಿನಲ್ಲಿ ನಿಲ್ಲಿಸಿರಿ. ಬಾಗಿಲು ಮುಚ್ಚಿದ ಕೊಟ್ಟಿಗೆಯಲ್ಲಿ ಎಂಜಿನು ನಡೆಸಕೂಡದು. ಅದರ ಹೊಗೆಯಲ್ಲಿ ಬಣ್ಣವೂ ವಾಸನೆಯೂ ಇಲ್ಲದ ವಿಷಾನಿಲವಿದೆ. ಗೇರನ್ನು ನ್ಯೂಟ್ರಲಿಗೆ ತಂದು, ಕೈಬ್ರೇಕನ್ನು ಎಳೆದು, ಚಕ್ರಗಳಿಗೆ ಕಲ್ಲು ಕೊಡಿರಿ. ಪಂಚೆಯ ಸೆರಗು, ಹೆಗಲಮೇಲಣ ವಸ್ತ್ರ ಮೊದಲಾದುವು ಫ್ಯಾನಿನ ಸಮೀಪಕ್ಕೆ ಬಾರದಂತೆ ಕಟ್ಟಿಕೊಳ್ಳತಕ್ಕದ್ದು. ಬೀಡಿ, ದೀಪ ಹತ್ತಿರವಿರಕೂಡದು. ಮಕ್ಕಳನ್ನು ದೂರವಿಡಬೇಕು.

5. ಪರೀಕ್ಷೆಯ ಕ್ರಮ

(ಅ) ಎಂಜಿನು ನಿಂತಿರುವಾಗ: ಬಾನೆಟ್ಟನ್ನು ಎತ್ತಿ ಕಾರ್ಬುರೇಟರಿನ ಪಕ್ಕದಲ್ಲಿರುವ ಥ್ರಾಟಲ್ ಹಿಡಿಯನ್ನು ನೋಡಿರಿ. ಅದು ವೇಗದ ತಿರುಪಿನ ತುದಿಗೆ ತಾಗಿ ಕುಳಿತಿರಬೇಕು. ತಾಗದೆ ಎತ್ತಿಕೊಂಡಿದ್ದರೆ ಯಾವುದೋ ಒಂದು ಅದನ್ನು ಎಳೆದು ಹಿಡಿದಿದೆಯೆಂದು ಅರ್ಥ. ಹಿಡಿಯನ್ನು ಹಿಂದಕ್ಕೆಳೆಯುವ ಸ್ಪ್ರಿಂಗು ಸಡಿಲವಾಗಿದೆಯೇ, ತುಕ್ಕು ಅಥವಾ ಕೆಸರಿನಿಂದ ಸರಳುಗಳು ಬಿಗಿದಿವೆಯೇ ನೋಡಬೇಕು. ಹಳೆಯ ಜೀಪುಗಳ ಮುಂಭಾಗದ ಹಲಗೆಯಲ್ಲಿ ಕೈಯಿಂದ ಎಳೆಯುವ ಥ್ರಾಟಲ್ ಗುಂಡಿಯೊಂದಿರುತ್ತದೆ. ಗಾಡಿಯನ್ನು ನಿಲ್ಲಿಸಿ ಅದರ ಶಕ್ತಿಯಿಂದ ಬೇರೆ ಯಂತ್ರಗಳನ್ನು ನಡೆಸುವುದಕ್ಕಾಗಿ ಇದನ್ನಿಟ್ಟಿದ್ದಾರೆ. ಇದರ ತಂತಿಯು ತುಕ್ಕು ಹಿಡಿದು ಅರ್ಧದಲ್ಲಿ ನಿಂತಿರುವುದುಂಟು. ಚೋಕಿನ ತಂತಿಯನ್ನೂ ಹಾಗೆಯೇ ನೋಡಬೇಕು. ಚೋಕು ಪೂರ್ತಿ ತೆರೆಯದಿದ್ದರೆ ಅದಕ್ಕೆ ಸೇರಿದ ಕೊಂಡಿಯು ಥ್ರಾಟಲನ್ನು ಸ್ವಲ್ಪ ಎತ್ತಿ ಹಿಡಿಯುತ್ತದೆ.

ಎಂಜಿನು ಕುಳಿತಿರುವ ರಬ್ಬರು ದಿಂಬುಗಳು ಕುಸಿದಿದ್ದರೂ ಎಂಜಿನು ಸರಿದು ಸರಳನ್ನು ಎಳೆಯುತ್ತದೆ. ಇದು ಸುಲಭವಾಗಿ ಕಣ್ಣಿಗೆ ಬೀಳತಕ್ಕದ್ದಲ್ಲ. ಸರಳನ್ನು ಕಾರ್ಬುರೇಟರಿನಿಂದ ಬಿಡಿಸಿದಾಗ ಹಿಡಿಯು ತಾನಾಗಿ ತಿರುಪಿನ ಮೇಲೆ ಕುಳಿತರೆ ದೋಷವು ಸರಳುಗಳ ಕಡೆಯದೇ ಎಂದು ನಿಶ್ಚಯಿಸಬಹುದು.

(ಆ) ಎಂಜಿನು ತಿರುಗುತ್ತಿರುವಾಗ: ಮೇಲಿನವೆಲ್ಲ ಸರಿಯಾಗಿದ್ದರೆ ಗಾಳಿಯ ಸೋಸುಬುಟ್ಟಿಗೆ ಹೋಗುವ ಕೊಳವೆಯನ್ನು ಬಿಡಿಸಿ, ಕಾರ್ಬುರೇಟರಿನ ಬಾಯಿಯನ್ನು ಒಂದು ಚಪ್ಪಟೆ ಹಲಗೆಯ ತುಂಡಿನಿಂದ ಕ್ಷಣಕಾಲ ಪೂರ್ತಿ ಮುಚ್ಚಿರಿ. ಅಂಗೈಯನ್ನು ಉಪಯೋಗಿಸಕೂಡದು, ಎಂಜಿನು ಹಿಂದಕ್ಕೆ ಬೆಂಕಿಯುಗುಳಿದರೆ ಕೈ ಸುಡುವುದು. ಎಂಜಿನು ಕೂಡಲೇ ನಿಂತುಹೋದರೆ ಗಾಳಿಯೆಲ್ಲವೂ ಕಾರ್ಬುರೇಟರಿನ ಬಾಯಿಂದಲೇ ಬರುತ್ತಿತ್ತು, ಅಂದರೆ ತಟ್ಟೆಯು ಸರಿಯಾಗಿ ಮುಚ್ಚಿಲ್ಲ ಅಥವಾ ತಿರುಪು ಹೆಚ್ಚು ಒಳಸೇರಿದೆ. ಬಾಯಿ ಮುಚ್ಚಿದರೂ ಎಂಜಿನು ನಡೆಯುತ್ತಲೇ ಇದ್ದರೆ ಗಾಳಿಗೆ ಕಳ್ಳದಾರಿಯುಂಟು. ಈ ಒಂದು ಪರೀಕ್ಷೆಯಿಂದ ಅರ್ಧ ಕೆಲಸ ಮುಗಿಯಿತು.

(ಇ) ಕಳ್ಳದಾರಿಯನ್ನು ಹುಡುಕುವುದು: ಕಾರ್ಬುರೇಟರಿನ ಬುಡದ ಗ್ಯಾಸ್ಕೆಟ್ಟನ್ನು ಮೊದಲು ಸಂಶಯಿಸಬೇಕು. ಸಿ.ಜೆ. 3ಬಿ ಎಂಜಿನಿನಲ್ಲಿ ಗಾಳಿ ಹೋಗುವ ದಾರಿಯು ಮೇಲಣ ಹೆಡ್ಡಿನೊಳಗೇ ಎರಕವಾಗಿರುವುದರಿಂದ ಸೋರುವ ಕೀಲುಗಳು ಕಡಿಮೆ. ಅದಕ್ಕೂ ಹಿಂದಿನ ಚಪ್ಪಟೆ ಹೆಡ್ಡಿನ ಎಂಜಿನುಗಳಲ್ಲಿ ಮ್ಯಾನಿಫೋಲ್ಡು ಪ್ರತ್ಯೇಕವಾಗಿದ್ದು, ಅದರ ಗ್ಯಾಸ್ಕೆಟ್ಟೂ ಸೋರಬಹುದು. ಎಂಜಿನಿನ ಒಳಹೊಗೆಯನ್ನು ಎಳೆದುಕೊಳ್ಳುವ ಕೊಳವೆಯ ವಾಲ್ವು ಕೊಳೆಯಿಂದ ತೆರೆದೇ ನಿಂತಿದ್ದರೂ, ವೈಪರನ್ನು ನಡೆಸುವ ಗಾಳಿಕೊಳವೆಯು ಬಿರುಕು ಬಿಟ್ಟಿದ್ದರೂ ಇದೇ ಪರಿಣಾಮ. ರಬ್ಬರು ಕೊಳವೆಗಳನ್ನು ಒಂದೊಂದಾಗಿ ಬೆರಳಿನಿಂದ ಹಿಸುಕಿರಿ. ಯಾವುದನ್ನು ಹಿಸುಕಿದಾಗ ವೇಗವು ತಟ್ಟನೆ ಇಳಿಯುವುದೋ ಆ ಕೊಳವೆಯ ಕಡೆಯಲ್ಲಿಯೇ ದೋಷ.

ಕೀಲುಗಳ ಮೇಲೆ ಸಣ್ಣ ಪಿಚಕಾರಿಯಿಂದ ನೀರನ್ನು ಹನಿಹನಿಯಾಗಿ ಬಿಡಬೇಕು. ಸೋರುವ ಕಡೆ ನೀರು ಒಳಕ್ಕೆ ಸೆಳೆಯಲ್ಪಟ್ಟು ಎಂಜಿನಿನ ಧ್ವನಿಯು ಬದಲಾಗುತ್ತದೆ. ನೀರು ಸ್ಪಾರ್ಕ್ ಪ್ಲಗ್ಗುಗಳಿಗೂ ಡಿಸ್ಟ್ರಿಬ್ಯೂಟರಿಗೂ ಕಾದ ಹೊಗೆಕೊಳವೆಗೂ ತಾಗಕೂಡದು. ಕೆಲವರು ಇದಕ್ಕಾಗಿ ಪೆಟ್ರೋಲನ್ನೇ ಚಿಮುಕಿಸುತ್ತಾರೆ. ಇದು ಗಾಡಿಗೂ ಮನೆಗೂ ಬೆಂಕಿ ಹಚ್ಚುವ ಕೆಲಸ, ಎಂದಿಗೂ ಮಾಡಕೂಡದು.

ಥ್ರಾಟಲ್ ತಟ್ಟೆಯ ದಂಡವು ಬಹುವರ್ಷ ತಿರುಗಿ ಸವೆದಿದ್ದರೆ ಅದರ ಎರಡು ಕೊನೆಗಳಿಂದಲೂ ಗಾಳಿ ನುಸುಳುತ್ತದೆ. ಹಿಡಿಯನ್ನು ಅಲ್ಲಾಡಿಸಿದಾಗ ದಂಡವು ಕುಣಿದರೆ ಸವೆತವುಂಟೆಂದು ತಿಳಿಯಬಹುದು. ಇದನ್ನು ತಿರುಪಿನಿಂದ ಸರಿಪಡಿಸಲಾಗದು, ಬುಷ್ ಹಾಕಿಸಬೇಕು.

(ಈ) ಕಿಡಿಯ ಸಮಯ: ಗಾಳಿಯ ದಾರಿಗಳೆಲ್ಲ ಸರಿಯಾಗಿದ್ದೂ ವೇಗ ಇಳಿಯದಿದ್ದರೆ ಮಾತ್ರ ಡಿಸ್ಟ್ರಿಬ್ಯೂಟರನ್ನು ಪರೀಕ್ಷಿಸಿ, ಗಾಡಿಯ ಕೈಪಿಡಿಯಲ್ಲಿ ಹೇಳಿರುವ ಗುರುತಿಗೆ ತರಿಸಬೇಕು. ಇದನ್ನು ಅನುಭವಸ್ಥ ಮೆಕ್ಯಾನಿಕನಿಂದ ಮಾಡಿಸುವುದು ಲೇಸು.

6. ಕೊನೆಗೆ ತಿರುಪು

ದೋಷವು ನಿವಾರಣೆಯಾದ ಮೇಲೆ, ಕಾದ ಎಂಜಿನಿನಲ್ಲಿ, ಮಿಶ್ರಣದ ತಿರುಪನ್ನು ಎಂಜಿನು ತಡವರಿಸುವವರೆಗೆ ಒಳಕ್ಕೂ, ಮತ್ತೆ ಭಾರವಾಗಿ ಮುಗ್ಗರಿಸುವವರೆಗೆ ಹೊರಕ್ಕೂ ತಿರುಗಿಸಿ, ನಡುವಣ ಸಮವಾದ ಸ್ಥಾನದಲ್ಲಿ ನಿಲ್ಲಿಸಿರಿ. ಬಲವಂತವಾಗಿ ಬಿಗಿದರೆ ಅದರ ಮೊನೆ ಕೆಡುವುದು. ಆಮೇಲೆ ವೇಗದ ತಿರುಪಿನಿಂದ ಸುಮಾರು 600 ಸುತ್ತಿಗೆ ತರಬೇಕು. ಹೊಗೆ ತಪಾಸಣಾ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಿದರೆ ಮಿಶ್ರಣವು ಸರಿಯೇ ಎಂಬುದು ಅಂಕಿಯಿಂದಲೇ ತಿಳಿಯುತ್ತದೆ.

7. ಎರಡು ವಿಶೇಷ ಸೂಚನೆಗಳು

ಈಗ ಬಂಕುಗಳಲ್ಲಿ ಸಾಮಾನ್ಯವಾಗಿ ದೊರೆಯುವ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲಿನವರೆಗೆ ಎಥನಾಲ್ ಬೆರೆತಿರುತ್ತದೆ. ಹಳೆಯ ಜೀಪಿನ ರಬ್ಬರು ಕೊಳವೆಗಳನ್ನೂ ಪಂಪಿನ ಪೊರೆಯನ್ನೂ ಇದಕ್ಕೆಂದು ಮಾಡಿದುದಲ್ಲ. ಆದಕಾರಣ ಮೇಲಿನ ಪರೀಕ್ಷೆಯ ಸಂದರ್ಭದಲ್ಲಿಯೇ ಪೆಟ್ರೋಲ್ ಕೊಳವೆಗಳನ್ನೂ ನೋಡಿ, ಮೆತ್ತಗಾದವನ್ನು ಅಥವಾ ಬಿರುಕು ಬಿಟ್ಟವನ್ನು ಬದಲಾಯಿಸತಕ್ಕದ್ದು.

ಡೀಸೆಲ್ ಎಂಜಿನು ಕೂಡಿಸಿದ ಜೀಪುಗಳಿಗೆ ಈ ಕ್ರಮವು ಸಲ್ಲದು. ಅವುಗಳ ವೇಗವನ್ನು ಆಳುವುದು ಇಂಧನದ ಪಂಪು; ಅದರ ಮೊಹರನ್ನು ತಜ್ಞರಲ್ಲದವರು ಒಡೆಯಕೂಡದು.

8. ನೆನಪಿಡತಕ್ಕ ಅಂಶಗಳು

ಮೊದಲು ಸರಳು, ತಂತಿ, ಸ್ಪ್ರಿಂಗು. ಎರಡನೆಯದಾಗಿ ಹಲಗೆಯ ಪರೀಕ್ಷೆ. ಮೂರನೆಯದಾಗಿ ಗ್ಯಾಸ್ಕೆಟ್ಟು ಮತ್ತು ಕೊಳವೆಗಳು. ನಾಲ್ಕನೆಯದಾಗಿ ಕಿಡಿಯ ಸಮಯ. ಎಲ್ಲಕ್ಕೂ ಕಡೆಯಲ್ಲಿ ತಿರುಪು. ಗ್ರಾಮದ ಮುಖಂಡರು ಈ ಕ್ರಮವನ್ನು ಗಾಡಿ ಓಡಿಸುವ ಆಳುಗಳಿಗೂ ಓದಲು ಬಾರದವರಿಗೂ ಓದಿ ಹೇಳಬೇಕೆಂದು ಕೋರಲಾಗಿದೆ.